ತುರುಬು ನಿಲ್ಲದ ದಿನಗಳು

“ಕದಲಬೇಡಿ! ಒಂಚೂರೂ ಕದಲಬೇಡಿ!”

ಆ ಕೂಗು ಕಿವಿಗೆ ಬೀಳುವಷ್ಟರಲ್ಲಿ ಅವಳ ತಲೆ ಆಗಲೇ ರಿಬ್ಬನ್ ಸುತ್ತುವ ಮೆಷಿನ್ನಿನತ್ತ ಬಾಗಿತ್ತು. ನೆಲಕ್ಕೆ ಬಿದ್ದ ರಿಬ್ಬನ್ನಿನ ತುದಿ ಎತ್ತಿಕೊಳ್ಳಲು ಬಗ್ಗಿದ್ದಳು, ಅಷ್ಟೇ. ಹೆಗಲಿನಿಂದ ಜಾರಿದ ಜಡೆ ತಿರುಗುವ ಉರುಳೆಗೆ ಸಿಕ್ಕಿಬಿಟ್ಟಿತ್ತು. ಸೊಂಟದುದ್ದದ ಜಡೆ... ಕೆಂಪು ರಿಬ್ಬನ್ನಿನ ಜೊತೆಗೇ ಸುತ್ತು ಸುತ್ತಾಗಿ ಒಳಗೆ ಹೋಗುತ್ತಿತ್ತು!

ಕಾಲು ಮೆಷಿನ್ ನಿಲ್ಲಿಸುವ ಪೆಡಲ್ಲಿಗಾಗಿ ತಡಕಾಡಿತು. ಸಿಗಲಿಲ್ಲ.

ಯಾರದೋ ಅಂಗೈ ಅವಳ ಹಣೆಯನ್ನು ಬಲವಾಗಿ ತಡೆದು ಹಿಡಿಯಿತು. ಹೆಗಲ ಹಿಂದೆ ಕತ್ತರಿಯ ಸದ್ದು. ಕಚಕ್... ಕಚಕ್... ಕಚಕ್!

ಮರುಕ್ಷಣ ಅವಳು ಹಿಂದಕ್ಕೆ ವಾಲಿ ಆ ಕೈಗಳಲ್ಲೇ ಬಿದ್ದಿದ್ದಳು.

ಕಣ್ಣು ಬಿಟ್ಟಾಗ ಕಂಡದ್ದು ಒಂದು ಅಪರಿಚಿತ ಮುಖ. ಗಲ್ಲದ ಮೇಲೆ ಗ್ರೀಸಿನ ಗೆರೆ, ಬೆವರು, ಹೆದರಿದ ಕಣ್ಣುಗಳು. ಅದೇ ವಾರ ಕೆಲಸಕ್ಕೆ ಸೇರಿದ್ದ ಹೊಸ ಮೆಕ್ಯಾನಿಕ್.

“ಪೆಟ್ಟಾಯ್ತಾ? ಹೇಳಿ... ಎಲ್ಲಾದ್ರೂ ಪೆಟ್ಟಾಯ್ತಾ?”

ತಲೆ ವಿಚಿತ್ರವಾಗಿ ಹಗುರಾಗಿತ್ತು. ಕೈ ತಾನಾಗಿ ಬೆನ್ನಿಗೆ ಹೋಯಿತು. ಏನೂ ಇರಲಿಲ್ಲ. ಎದುರಿಗೆ ಉರುಳೆ ಇನ್ನೂ ತಿರುಗುತ್ತಲೇ ಇತ್ತು, ಅವಳ ಜಡೆಯನ್ನು ಹೊತ್ತುಕೊಂಡು.

“ಯಾರನ್ನ ಕೇಳಿ ಕತ್ತರಿಸಿದ್ರಿ?”

ಅವನು ಬೆಚ್ಚಿದ. “ಬೇರೆ ದಾರಿ ಇರ್ಲಿಲ್ಲ...”

“ಕೆಂಪು ಸ್ವಿಚ್ ನಿಮ್ಮ ಕೈ ಹತ್ರಾನೇ ಇತ್ತಲ್ಲ! ಒತ್ತೋಕೆ ಆಗ್ಲಿಲ್ವಾ?”

“ಒತ್ತಿದೆ.”

“ಸುಳ್ಳು! ಒತ್ತಿದ್ರೆ ಇದು ಹೇಗೆ ತಿರುಗುತ್ತೆ?”

ಅವನು ಮೆಷಿನ್ನಿನತ್ತ ನೋಡಿದ, ಅವಳತ್ತ ನೋಡಿದ. ಸುತ್ತ ನೆರೆದಿದ್ದ ಹೆಂಗಸರಲ್ಲಿ ಪ್ಯಾಕಿಂಗ್ ವಿಭಾಗದ ಅಕ್ಕ ಮಾತ್ರ ಗೊಣಗಿದಳು. “ಹೌದಲ್ವೇ, ಸ್ವಿಚ್ ಒತ್ತಿದ್ರೆ ಮುಗೀತಿತ್ತು. ಅಂಥ ಕೂದಲು...”

ಆ ಒಂದು ಮಾತು ಸಾಕಾಯಿತು. ಅವಳ ಕಣ್ಣಲ್ಲಿ ಅವನು ಅಪರಾಧಿಯಾಗಿಬಿಟ್ಟ.

*

ಅದು ಹೆಂಗಸರ ತಲೆಗೆ ಬೇಕಾದುದನ್ನೆಲ್ಲ ಮಾಡುವ ಕಾರ್ಖಾನೆ. ರಿಬ್ಬನ್, ರಬ್ಬರ್ ಬ್ಯಾಂಡ್, ಹೇರ್‌ಪಿನ್, ಕೂದಲನ್ನು ಕಚ್ಚಿ ಹಿಡಿಯುವ ಕ್ಲಚ್. ಅಲ್ಲಿ ಅವಳ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ‘ಜಡೆ’. “ಏ ಜಡೆ, ಊಟಕ್ಕೆ ಬಾ.” “ಜಡೆ ಇವತ್ತು ರಜಾನಾ?”

ಈಗಲೂ ಅಭ್ಯಾಸಬಲದಿಂದ ಹಾಗೇ ಕರೆದು ತಟ್ಟನೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಕರೆದದ್ದಕ್ಕಿಂತ ಆ ನಾಲಿಗೆ ಕಚ್ಚಿಕೊಳ್ಳುವುದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

ಮನೆಯಲ್ಲಿ ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಬಾಚಣಿಗೆ ಹಿಡಿದು ಮಗಳ ಹಿಂದೆ ಕುಳಿತಳು. ನೆತ್ತಿಯಿಂದ ಬಾಚುತ್ತ ಬಂದಳು. ಕೂದಲು ಹೆಗಲಿನಿಂದ ಕೊಂಚ ಕೆಳಗೆ ಮುಗಿದುಹೋಯಿತು. ಅಮ್ಮನ ಕೈಗೆ ಮಾತ್ರ ಅದು ತಿಳಿಯಲಿಲ್ಲ. ಬಾಚಣಿಗೆ ಖಾಲಿ ಗಾಳಿಯಲ್ಲೇ ಸೊಂಟದವರೆಗೆ ಇಳಿಯಿತು.

ಅಮ್ಮ ಬಾಚಣಿಗೆಯನ್ನು ಗೂಡಿನಲ್ಲಿಟ್ಟು ಎದ್ದಳು.

ಅಂದಿನಿಂದ ಅವಳಿಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಕೈ ಪದೇ ಪದೇ ಕುತ್ತಿಗೆಗೆ ಹೋಗುತ್ತಿತ್ತು. ಕಟ್ಟಿದರೆ ಜಾರುವ, ಬಿಟ್ಟರೆ ಮುಖಕ್ಕೆ ಬರುವ ಈ ಕೂದಲನ್ನು ಏನು ಮಾಡುವುದು? ಜಡೆ ಹೆಣೆದರೆ ಇಲಿಯ ಬಾಲ. ತುರುಬು ಕಟ್ಟಿದರೆ ಬಸ್ಸು ಹತ್ತುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು.

ಮ್ಯಾನೇಜರ್ ಅವಳನ್ನು ಮೆಷಿನ್ನಿನಿಂದ ತೆಗೆದು ಮೇಲಿನ ಮಹಡಿಯ ಸ್ಯಾಂಪಲ್ ರೂಮಿಗೆ ಹಾಕಿದರು. ಹೊಸ ಕ್ಲಿಪ್ಪು, ಪಿನ್ನುಗಳನ್ನು ಪರೀಕ್ಷಿಸುವ ಕೋಣೆ ಅದು. ಗೋಡೆಯುದ್ದಕ್ಕೂ ಕನ್ನಡಿ, ಮೇಜಿನ ತುಂಬ ಗೊಂಬೆ ತಲೆಗಳು. ಅಲ್ಲಿಯ ಸೂಪರ್‌ವೈಸರ್ ಅಕ್ಕ ಅವಳನ್ನು ಕಂಡದ್ದೇ ಎದ್ದು ಬಂದಳು.

“ಅಬ್ಬಾ! ಇಂಥ ತಲೆಗೇ ಕಾಯ್ತಿದ್ದೆ ಕಣೆ!”

“ನನ್ನ ತಲೆ ನೆಟ್ಟಗಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಅಕ್ಕಾ?”

“ಈ ಗೊಂಬೆ ತಲೆಗಳಿಗೆ ಪೆನ್ಸಿಲ್ ಸಿಕ್ಕಿಸಿದ್ರೂ ತುರುಬು ನಿಲ್ಲುತ್ತೆ. ಅಂಗಡಿಗೆ ಬಂದು ಕೊಳ್ಳೋರ ಕೂದಲು ಹಾಗಿರುತ್ತಾ? ಉದ್ದಾನೂ ಅಲ್ಲ, ಮೋಟೂ ಅಲ್ಲ... ಥೇಟ್ ನಿನ್ನ ಹಾಗೆ! ನಿನ್ನ ತಲೇಲಿ ನಿಂತಿದ್ದು ಎಲ್ಲರ ತಲೇಲೂ ನಿಲ್ಲುತ್ತೆ.”

ಅಕ್ಕ ಕಲಿಸುತ್ತ ಹೋದಳು. ಎರಡೂ ಕಿವಿಯ ಬಳಿಯ ಕೂದಲನ್ನು ತಿರುಚಿ ಹಿಂದೆ ಸೇರಿಸುವುದು. ಉಳಿದದ್ದನ್ನು ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತ ಮೇಲಕ್ಕೆ ಏರಿಸಿ, ತುದಿಯನ್ನು ಒಳಕ್ಕೆ ಮಡಚುವುದು. ಯು ಪಿನ್ನನ್ನು ನೇರ ಚುಚ್ಚಬಾರದು. ಹೊರಮುಖವಾಗಿ ಒಂದಿಷ್ಟು ಕೂದಲು ಹಿಡಿಸಿ, ಹೊರಳಿಸಿ, ಒಳಕ್ಕೆ ನೂಕಬೇಕು.

ಕೊನೆಗೆ ಹೊಸ ಕ್ಲಚ್. ಅದೇ ದೊಡ್ಡ ತಲೆನೋವು. ಹಾಕಿದ ಅರೆಗಳಿಗೆಯಲ್ಲೇ ಜಾರಿ ಕುತ್ತಿಗೆಗೆ ಬಂದು ಕೂರುತ್ತಿತ್ತು.

“ಅಚ್ಚಿನಲ್ಲೇ ಏನೋ ಐಬು. ಮೆಕ್ಯಾನಿಕ್‌ನ ಕರೀರಿ” ಎಂದಳು ಅಕ್ಕ.

ಬಾಗಿಲಲ್ಲಿ ಬಂದು ನಿಂತವನು... ಅವನೇ!

*

“ಎಲ್ಲಿ ಜಾರುತ್ತೆ?”

“ತಲೇಲಿ.”

ಅವನು ನಗಲಿಲ್ಲ. “ಮೇಲಿಂದಾನಾ, ಪಕ್ಕದಿಂದಾನಾ?”

“ಕತ್ತರಿಸೋಕೆ ಮುಂಚೆ ಹೀಗೆ ಕೇಳಿದ್ರೆ ಚೆನ್ನಾಗಿರ್ತಿತ್ತು.”

ಅವನ ಕಿವಿ ಕೆಂಪಾಯಿತು. ಆದರೂ ಜಾಗ ಬಿಟ್ಟು ಹೋಗಲಿಲ್ಲ. ಅವಳ ತಲೆಯಿಂದ ಮಾರುದ್ದ ದೂರದಲ್ಲಿ ಕೈಕಟ್ಟಿ ನಿಂತು, ಕ್ಲಚ್ ಜಾರುವುದನ್ನು ಪರೀಕ್ಷೆಗೆ ಕೂತ ಹುಡುಗನಂತೆ ನೋಡಿದ. ಆಮೇಲೆ ಕೆಳಗೆ ಹೋಗಿ ಹಲ್ಲು ತಿದ್ದಿ ತಂದ. ಅವಳು ಹಾಕಿಕೊಂಡು ತಲೆ ಕೊಡವಿದಳು.

“ಜಾರ್ತು.”

ಸ್ಪ್ರಿಂಗ್ ಬದಲಿಸಿ ತಂದ.

“ಚುಚ್ತು.”

ಬಾಗು ಹೆಚ್ಚಿಸಿ ತಂದ.

“ಜಾರ್ತು... ಚುಚ್ತು ಕೂಡ!”

ದಿನಕ್ಕೆ ಎಷ್ಟೋ ಸಲ ಮೆಟ್ಟಿಲು ಹತ್ತಿ ಇಳಿದ. ಸೂಪರ್‌ವೈಸರ್ ಅಕ್ಕ ಮುಸಿಮುಸಿ ನಕ್ಕಳು. “ಇವನ ಮಂಡಿ ಸವೆಯೋ ಮುಂಚೆ ಒಂದ್ಸಲ ‘ಪರವಾಗಿಲ್ಲ’ ಅನ್ನೇ ಮಾರಾಯ್ತಿ!”

ಅವನ ಮೇಲೆ ಸಿಟ್ಟಿತ್ತು, ನಿಜ. ಆದರೆ ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲಿನತ್ತ ಹೋಗುತ್ತಿತ್ತೇಕೆ? ‘ನನಗೇನಾಗಿದೆ?’ ಎಂದು ತನ್ನನ್ನೇ ಗದರಿಕೊಂಡು ಪಿನ್ನುಗಳನ್ನು ಸುಮ್ಮನೆ ಎಣಿಸುತ್ತಿದ್ದಳು, ಚೆಲ್ಲುತ್ತಿದ್ದಳು, ಮತ್ತೆ ಆಯುತ್ತಿದ್ದಳು.

ಒಂದು ಮಧ್ಯಾಹ್ನ ಅವನು ತಂದ ಕ್ಲಚ್ಚಿನ ಹಲ್ಲುಗಳು ಒಂದು ಉದ್ದ, ಒಂದು ಗಿಡ್ಡ. ಒಳಗೆ ತೆಳ್ಳನೆಯ ರಬ್ಬರಿನ ಪಟ್ಟಿ. ಅವಳು ಕೂದಲು ಹಿಂಡಿ, ಮಡಚಿ, ಕ್ಲಚ್ ಕಚ್ಚಿಸಿದಳು. ತಲೆ ಕೊಡವಿದಳು. ಬಗ್ಗಿದಳು. ಕುಣಿದಳು. ಕಾರಿಡಾರಿನ ಆ ತುದಿಯವರೆಗೆ ಓಡಿ ವಾಪಸ್ಸು ಬಂದಳು.

“ನಿಂತ್ತು!” ಏದುಸಿರು ಬಿಡುತ್ತ ಕೂಗಿದಳು. “ನೋಡಿ, ನಿಂತೇಬಿಟ್ತು!”

ಅವನು ಮೊದಲ ಸಲ ಬಾಯ್ತುಂಬ ನಕ್ಕ. ಅವಳೂ ನಕ್ಕಳು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು... ತಕ್ಷಣ ಇಬ್ಬರೂ ಬೇರೆಲ್ಲೋ ನೋಡಿದರು.

ಅಂದು ಸಂಜೆ ಅವಳು ಅಮ್ಮನ ಎದುರು ಕುಳಿತು ತುರುಬು ಕಟ್ಟಿ ತೋರಿಸಿದಳು. ಅಮ್ಮ ಬೆರಳಿನಿಂದ ಮುಟ್ಟಿ ನೋಡಿದಳು. “ಕುತ್ತಿಗೆ ಚೆಂದ ಕಾಣುತ್ತೆ ಕಣೇ ಪುಟ್ಟಿ. ಇಷ್ಟು ದಿನ ಜಡೆ ಹಿಂದೆ ಅಡಗಿತ್ತು.”

ಎಷ್ಟೋ ದಿನಗಳ ಮೇಲೆ ಅವಳಿಗೆ ನಿದ್ದೆ ಬಂತು.

*

ಆದರೆ ಆ ನೆಮ್ಮದಿ ಹೆಚ್ಚು ಬಾಳಲಿಲ್ಲ.

ತನ್ನ ಮೆಷಿನ್ನಿಗೆ ವಾಪಸ್ಸು ಹಾಕಿ ಎಂದು ಕೇಳಲು ಅವಳು ಮ್ಯಾನೇಜರ್ ಕೋಣೆಯ ಬಳಿ ಹೋಗಿದ್ದಳು. ರಿಬ್ಬನ್ ಸುತ್ತುವುದು ಅವಳು ಕಷ್ಟಪಟ್ಟು ಕಲಿತ ಕೆಲಸ. ಆ ವಿಭಾಗದಲ್ಲಿ ಅವಳಷ್ಟು ಬಿಗಿಯಾಗಿ, ಸುಕ್ಕಿಲ್ಲದೆ ಸುತ್ತುವವರು ಯಾರೂ ಇರಲಿಲ್ಲ. ಬಾಗಿಲು ತಟ್ಟಲು ಕೈ ಎತ್ತಿದವಳಿಗೆ ಒಳಗಿನಿಂದ ಅವನ ದನಿ ಕೇಳಿಸಿತು.

“ಅವರನ್ನ ಮತ್ತೆ ಆ ಮೆಷಿನ್ನಿಗೆ ಮಾತ್ರ ಹಾಕ್ಬೇಡಿ ಸಾರ್.”

ಎತ್ತಿದ ಕೈ ಹಾಗೇ ನಿಂತಿತು. ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ.

ಮೆಟ್ಟಿಲ ಬಳಿ ಅವನು ಎದುರಾದಾಗ ತಲೆಯಿಂದ ಕ್ಲಚ್ ಕಿತ್ತು ಅವನ ಕೈಗೆ ತುರುಕಿದಳು. ಕೂದಲು ಮುಖದ ತುಂಬ ಹರಡಿತು.

“ನನ್ನ ಜಡೆ ಸಾಲ್ಲಿಲ್ವಾ? ಹೊಟ್ಟೆಪಾಡಿನ ಕೆಲಸಕ್ಕೂ ಕತ್ತರಿ ಹಾಕಿದ್ರಾ?”

“ನೀವು ಪೂರ್ತಿ ಕೇಳಿಸ್ಕೊಂಡಿಲ್ಲ...”

“ಕೇಳಿದ್ದು ಸಾಕು! ಇನ್ನು ನನ್ನ ಕಣ್ಣಿಗೆ ಬೀಳ್ಬೇಡಿ.”

ಅವನು ಬೀಳಲಿಲ್ಲ. ಅವಳು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ. ಅದೂ ಅವಳಿಗೆ ಸಿಟ್ಟು ತರಿಸಿತು! ಒಂದು ಸಲ... ಒಂದೇ ಒಂದು ಸಲ ಹಿಂದೆ ಬಂದು ಹೇಳಬಾರದೇ? ರಾತ್ರಿ ಹೊರಳಾಡಿದಳು. ಬಸ್ಸಿನಲ್ಲಿ ಇಳಿಯುವ ಸ್ಟಾಪು ಮರೆತಳು. ಸ್ಯಾಂಪಲ್ ರೂಮಿನ ಬಾಗಿಲು ಕಿರ್ರೆಂದಾಗಲೆಲ್ಲ ತಿರುಗಿ ನೋಡುತ್ತಿದ್ದಳು. ಬರುತ್ತಿದ್ದವರು ಬೇರೆ ಯಾರೋ.

ಕೊನೆಗೆ ಹಟ ಹಿಡಿದು ಮ್ಯಾನೇಜರ್ ಬಳಿಗೆ ಹೋದಳು. “ನನ್ನ ಮೆಷಿನ್ ನನಗೆ ಕೊಡಿ ಸಾರ್.” ಅವರಿಗೆ ದೊಡ್ಡ ಆರ್ಡರಿನ ಅವಸರವಿತ್ತು. ಕೈ ಬೀಸಿ “ಹೋಗಮ್ಮ, ಇವತ್ತೇ ಕೂತ್ಕೊ” ಎಂದರು.

ಕೂದಲನ್ನು ಎಳೆಯೂ ಹೊರಬಾರದಂತೆ ಪಿನ್ನು ಚುಚ್ಚಿ ಕಟ್ಟಿಕೊಂಡು ಮೆಷಿನ್ನಿನ ಮುಂದೆ ನಿಂತಳು. ಪೆಡಲ್ ಒತ್ತಿ ಶುರು ಮಾಡಿದಳು. ಉರುಳೆ ಗಿರ್ರನೆ ತಿರುಗಿತು. ಕಣ್ಣು ಮಾತ್ರ ಮತ್ತೆ ಮತ್ತೆ ಆ ಕೆಂಪು ಸ್ವಿಚ್ಚಿನತ್ತ ಹೋಗುತ್ತಿತ್ತು. ದಿನವೂ ಮೆಷಿನ್ ನಿಲ್ಲಿಸುವುದು ಪೆಡಲ್ಲಿನಿಂದ; ಇದು ಅಪಾಯವಾದರೆ ಮಾತ್ರ ಒತ್ತಿ ಬ್ರೇಕ್ ಹಾಕುವ ಸ್ವಿಚ್ಚು. ಸುಮ್ಮನೆ ಒತ್ತಿದರೆ ಬೈಗುಳ ಬೀಳುತ್ತದೆಂದು ಯಾರೂ ಎಂದೂ ಅದನ್ನು ಮುಟ್ಟಿರಲಿಲ್ಲ.

‘ಅವನು ಸುಳ್ಳುಗಾರ ಅಂತ ಕಣ್ಣಾರೆ ಒಮ್ಮೆ ನೋಡಿಬಿಡ್ತೀನಿ. ಆಗ ಈ ಮನಸ್ಸು ಸುಮ್ಮನಾಗುತ್ತೆ.’

ಒತ್ತಿದಳು.

ಮೋಟಾರಿನ ಸದ್ದು ನಿಂತಿತು. ಆದರೆ ಉರುಳೆ...

ಉರುಳೆ ನಿಲ್ಲಲಿಲ್ಲ! ತನ್ನ ಭಾರಕ್ಕೇ ತಿರುಗುತ್ತಿತ್ತು. ರಿಬ್ಬನ್ನು ಒಂದೇ ಸಮನೆ ಒಳಗೆ ಹೋಗುತ್ತಲೇ ಇತ್ತು. ಅವಳು ಮತ್ತೆ ಒತ್ತಿದಳು, ಬಲವಾಗಿ, ಅಂಗೈಯಿಡೀ ಊರಿ. ಉರುಳೆ ತಿರುಗಿತು, ತಿರುಗಿತು...

ಅವಳ ಕೈ ಕುತ್ತಿಗೆಗೆ ಹೋಯಿತು. ಅಂದು ಅವನು ಸ್ವಿಚ್ಚನ್ನೇ ನಂಬಿ ನಿಂತಿದ್ದರೆ... ನೆತ್ತಿಯ ಚರ್ಮ ಜುಂ ಎಂದಿತು. ಅಲ್ಲೇ ಸ್ಟೂಲಿನ ಮೇಲೆ ಕುಳಿತಳು.

‘ಒತ್ತಿದೆ’ ಅಂದಿದ್ದ. ನಿಜವನ್ನೇ ಹೇಳಿದ್ದ!

“ಯಾಕೆ ಜಡೆ, ಏನಾಯ್ತು?” ಪ್ಯಾಕಿಂಗ್ ಅಕ್ಕ ಓಡಿ ಬಂದಳು. ಇನ್ನೂ ತಿರುಗುತ್ತಿದ್ದ ಉರುಳೆಯನ್ನು ನೋಡಿ ಅವಳ ಮುಖ ಬಿಳುಚಿತು. “ಅಯ್ಯೋ... ಅವತ್ತು ನಾನೇ ಬಾಯಿಗೆ ಬಂದಿದ್ದು ಅಂದ್ಬಿಟ್ಟೆನಲ್ಲೇ! ಪಾಪ, ಆ ಮೆಕ್ಯಾನಿಕ್ಕು ಅವತ್ತಿಂದ ಮ್ಯಾನೇಜರ್ ಹತ್ರ ಗುದ್ದಾಡ್ತಾನೇ ಇದಾನೆ. ಬ್ರೇಕ್ ಬದಲಾಯಿಸೋವರೆಗೂ ಇಲ್ಲಿ ನಿನ್ನನ್ನಷ್ಟೇ ಅಲ್ಲ, ಯಾರನ್ನೂ ನಿಲ್ಲಿಸ್ಬೇಡಿ ಅಂತ.”

“ಮತ್ತೆ?”

“ಮತ್ತೇನು? ಇಷ್ಟ ಇದ್ರೆ ಇರು, ಇಲ್ದಿದ್ರೆ ಗೇಟು ಅಲ್ಲಿದೆ ಅಂದ್ರಂತೆ. ಈಗ ಟೂಲ್ಸ್ ಕಟ್ಕೊಳ್ತಿದಾನೆ.”

ಅವಳು ಎದ್ದಳು. ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದುಬಿಟ್ಟಳು.

ಇಡೀ ಹಾಲ್ ಸ್ತಬ್ಧ!

“ಯಾರದು ಕರೆಂಟ್ ತೆಗೆದಿದ್ದು?” ಮ್ಯಾನೇಜರ್ ಧಾವಿಸಿ ಬಂದರು.

“ನಾನೇ ಸಾರ್.” ಅವಳು ಕದಲಲಿಲ್ಲ. “ಇದರ ಬ್ರೇಕ್ ಹಾಳಾಗಿದೆ. ಸರಿಯಾಗೋವರೆಗೂ ನಾನು ಮುಟ್ಟಲ್ಲ. ನನ್ನದು ಕೂದಲಲ್ಲಿ ಹೋಯ್ತು. ಮುಂದಿನವಳದು ತಲೇಲಿ ಹೋಗ್ಬಾರ್ದು.”

“ಆರ್ಡರ್ ತಡ ಆದ್ರೆ ಯಾರಮ್ಮ ಹೊಣೆ?”

ಅವಳು ಉತ್ತರಿಸುವ ಮೊದಲೇ ಪ್ಯಾಕಿಂಗ್ ಅಕ್ಕ ಏಪ್ರನ್ ಬಿಚ್ಚಿ ಪಕ್ಕಕ್ಕಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಒಬ್ಬೊಬ್ಬರಾಗಿ ಎಲ್ಲರೂ ಮೆಷಿನ್ನುಗಳಿಂದ ಹಿಂದೆ ಸರಿದು ನಿಂತರು.

ಮ್ಯಾನೇಜರ್ ಸುತ್ತ ನೋಡಿದರು. ಬಾಗಿಲಲ್ಲಿ ಟೂಲ್ ಬಾಕ್ಸ್ ಹಿಡಿದು ದಂಗಾಗಿ ನಿಂತಿದ್ದ ಮೆಕ್ಯಾನಿಕ್‌ನನ್ನು ನೋಡಿದರು. ನಿಟ್ಟುಸಿರು ಬಿಟ್ಟರು.

“ಎಷ್ಟು ಹೊತ್ತು ಬೇಕಯ್ಯ?”

“ಸಂಜೆ ಒಳಗೆ ಮುಗಿಸ್ತೀನಿ ಸಾರ್.”

“ಹ್ಞೂ, ಹಾಕು ಹಾಗಾದ್ರೆ. ಏನು ನೋಡ್ತಾ ನಿಂತೆ?”

*

ಎಲ್ಲರೂ ಚಹಾಕ್ಕೆ ಹೋದರು. ಅವಳು ಹೋಗಲಿಲ್ಲ. ಮೆಷಿನ್ನಿನ ಭಾರದ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಳು. ಅವನು ಕೆಳಗೆ ಮಂಡಿಯೂರಿ ನಟ್ಟು ಬಿಚ್ಚುತ್ತಿದ್ದ.

“ನಾನು... ಅವತ್ತು ನಿಮ್ಮನ್ನ ಸುಳ್ಳುಗಾರ ಅಂದೆ.”

“ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಅಂತಿದ್ದೆ.”

“ಹೀಗೆ ಒಳ್ಳೆಯವರಾಗ್ಬೇಡಿ. ಅಳು ಬರುತ್ತೆ. ಸ್ವಲ್ಪ ಬೈದ್ಬಿಡಿ.”

ಅವನು ತಲೆಯೆತ್ತಿದ. ತುರುಬಿನಿಂದ ತಪ್ಪಿಸಿಕೊಂಡ ಒಂದು ಎಳೆ ಅವಳ ಕಣ್ಣಿನ ಮೇಲೆ ಬಿದ್ದಿತ್ತು. ಅವಳು ಊದಿದಳು, ಅದು ಮತ್ತೆ ಬಂದು ಕೂತಿತು.

“ಕೈ ಖಾಲಿ ಇಲ್ಲ” ಎಂದಳು ಮೆಲ್ಲಗೆ. “ಇದನ್ನ ಸ್ವಲ್ಪ ಹಿಂದಕ್ಕೆ ಹಾಕ್ತೀರಾ?”

“ನಾನಾ?”

“ಇಲ್ಲಿ ಇನ್ಯಾರಿದ್ದಾರೆ?”

ಅವನು ಎದ್ದ. ಕೈಯನ್ನು ಬಟ್ಟೆಯಲ್ಲಿ ಒರೆಸಿದ, ಮತ್ತೆ ಒರೆಸಿದ. ಬೆರಳು ಅವಳ ಹಣೆಯ ಹತ್ತಿರ ಬಂದು ನಿಂತುಬಿಟ್ಟಿತು.

“ಭಯ ಆಗುತ್ತೆ” ಎಂದ. “ಕತ್ತರಿ ಹಾಕುವಾಗ ಒಂದೇ ಯೋಚನೆ ಇತ್ತು, ಇವರು ಉಳೀಬೇಕು ಅಂತ. ಆಮೇಲೆ ದಿನಾ ನಿಮ್ಮನ್ನ ನೋಡ್ತಾ ನೋಡ್ತಾ... ಆ ಯೋಚನೆ ಬದಲಾಯ್ತು.”

“ಏನಂತ?”

“ಇವರು ನನ್ನ ಜೊತೇಲೇ ಉಳೀಬೇಕು ಅಂತ.”

ಅವಳ ಕೈಯಲ್ಲಿದ್ದ ಮುಚ್ಚಳ ಜಾರತೊಡಗಿತು. ಅವನು ತಟ್ಟನೆ ಒಂದು ಕೈಯಲ್ಲಿ ಅದಕ್ಕೆ ಆಸರೆ ಕೊಟ್ಟ. ಇನ್ನೊಂದು ಕೈಯಿಂದ ಆ ಎಳೆಯನ್ನು ಹೂವೆತ್ತುವಷ್ಟು ಮೆತ್ತಗೆ ಎತ್ತಿ ಕಿವಿಯ ಹಿಂದೆ ಸೇರಿಸಿದ.

ಅವಳು ಕಣ್ಣು ಮುಚ್ಚಿದಳು. ಎಷ್ಟೋ ದಿನಗಳಿಂದ ಒಳಗೆ ತಿರುಗುತ್ತಲೇ ಇದ್ದದ್ದು ಈಗ ನಿಂತಂತಾಯಿತು.

“ನಾಳೆಯಿಂದ ಕೆಲಸಕ್ಕೆ ಬರ್ತೀಯಾ ತಾನೇ?” ಕಣ್ಣು ತೆರೆಯದೆಯೇ ಕೇಳಿದಳು.

ಅವನ ಬೆರಳು ಅವಳ ಕಿವಿಯ ಹಿಂದೆಯೇ ನಿಂತಿತು.

“ಈಗ... ಏನಂದ್ರಿ?”

“ಏನಂದ್ರಿ ಅಲ್ಲ. ಏನಂದೆ ಅನ್ನು.”

ಅವನು ನಕ್ಕುಬಿಟ್ಟ.

“ಬರ್ತೀನಿ ಕಣೇ... ದಿನಾ ಬರ್ತೀನಿ.”