ಕಲಾಯಿ ಹೋದ ಕಾಫಿ ಫಿಲ್ಟರ್

"ಯಾರ್ರೀ ನೀವು?... ಮುಂದ ಬರಬ್ಯಾಡ್ರಿ!"

ಲಲಿತಾಬಾಯಿಯ ಕೈಯಲ್ಲಿದ್ದ ಒನಕೆ ನಡುಗುತ್ತಿತ್ತು. ಹೊಸ್ತಿಲಲ್ಲಿ ನಿಂತವನಿಗೆ ಮುಖದ ತುಂಬ ಗಡ್ಡ, ಮೈಮೇಲೆ ಧೂಳು ಹಿಡಿದ ಅಂಗಿ. ಹಗಲಲ್ಲೂ ಅಗಳಿ ತೆಗೆಯಬೇಡವೆಂದು ಅತ್ತೆ ಹೇಳಿದ್ದರು. ಅಯ್ಯೋ, ಯಾಕಾದರೂ ತೆಗೆದೆ!

"ಒನಕಿ ಇಳಸು, ಲಲಿತಾ. ನಾನು..."

ಆ ದನಿ! ಒನಕೆ ಕೈಜಾರಿತು. ಅವಳ ಗಂಡ ಹಾವಗೆಪ್ಪ!

ಮದುವೆಯಾಗಿ ತಿಂಗಳು ತುಂಬುವ ಮೊದಲೇ ನಿಜಾಮನ ಪರದ ರಜಾಕಾರರು, ಚಳವಳಿಗಿಳಿದಿದ್ದ ಅವನನ್ನು ಹುಡುಕಿಕೊಂಡು ಭಾಲ್ಕಿಗೆ ಬಂದಿದ್ದರು. ಹಿತ್ತಲ ಗೋಡೆ ಹಾರಿ ಸೊಲ್ಲಾಪುರಕ್ಕೆ ಓಡಿದವನು ಈಗ ಬಂದಿದ್ದ. ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮನ ಆಳ್ವಿಕೆ ಅಳಿದಿತ್ತು. ಆದರೆ ಹೆದರಿಕೆ ಊರು ಬಿಟ್ಟು ಹೋಗಿರಲಿಲ್ಲ. ಈಗ ಸೇಡಿನ ಭಯಕ್ಕೆ ಮುಸಲ್ಮಾನರ ಓಣಿಯಲ್ಲೂ ಬಾಗಿಲುಗಳು ಮುಚ್ಚಿದ್ದವು.

ಅತ್ತೆ ಗುಂಡಮ್ಮ ಮಗನನ್ನು ತಬ್ಬಿ ಅತ್ತರು. ಅವನು ಸ್ನಾನ ಮಾಡಿದ, ಉಂಡ. ಲಲಿತೆಯೊಂದಿಗೆ ಮಾತ್ರ ಒಂದು ಮಾತೂ ಇಲ್ಲ! ಗಂಟಿನಿಂದ ಕಾಫಿಪುಡಿಯ ಪೊಟ್ಟಣ ತೆಗೆದು ಒಲೆಯ ಪಕ್ಕ ಇಟ್ಟು ಹೊರಗೆ ಹೋದ.

'ನಾನು ಬೇಡವಾದೆನೇ? ಒನಕೆ ಎತ್ತಿದವಳನ್ನು ಯಾರು ತಾನೇ ಮೆಚ್ಚುತ್ತಾರೆ...'

ಚಹಾ ಕುಡಿಯುವ ಊರಿನಲ್ಲಿ ಇವನೊಬ್ಬನಿಗೆ ಕಾಫಿಯ ಹುಚ್ಚು. ಮದುವೆಯ ಹೊಸದರಲ್ಲಿ ಹಿತ್ತಾಳೆಯ ಫಿಲ್ಟರ್ ತಂದು, ಅವಳ ಬೆರಳು ಹಿಡಿದು ಕಲಿಸಿದ್ದ: "ಪುಡಿ ಒತ್ತಬ್ಯಾಡ, ನೀರು ಇಳಿಯಂಗಿಲ್ಲ." ಅವಳು ಹೆದರಿದಾಗೆಲ್ಲ ಒತ್ತಿಬಿಡುತ್ತಿದ್ದಳು. ಅವನು ನಗುತ್ತಿದ್ದ.

ಲೂಟಿಯ ಭಯಕ್ಕೆ ಆ ಫಿಲ್ಟರನ್ನೂ ಉಳಿದ ಪಾತ್ರೆಗಳೊಂದಿಗೆ ನೆಲದಡಿಯ ಜೋಳದ ಹಗೇವಿನಲ್ಲಿ ಹೂತಿದ್ದರು. ನಿನ್ನೆಯಷ್ಟೇ ತೆಗೆದಾಗ ಒಳಗಿನ ಕಲಾಯಿ ಹೋಗಿ ಹಸಿರು ಕಿಲುಬು ಕಟ್ಟಿತ್ತು. ಕಲಾಯಿ ಹಾಕುವ ಬದ್ರೋದ್ದೀನನ ಮನೆಗೆ ಓಡಿದ್ದಳು. ಒಳಗೆ ಯಾರೋ ಕೆಮ್ಮಿದ್ದು ಕೇಳಿಸಿತು, ಬಾಗಿಲು ತೆರೆಯಲಿಲ್ಲ.

ಈಗೇನು ಮಾಡಲಿ? ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ತೂತುಗಳಿಗೆ ಕಸಬರಿಗೆ ಕಡ್ಡಿ ಚುಚ್ಚಿದಳು. ತೂತಿನ ತಟ್ಟೆಯ ಅಂಚಿಗೆ ಬೆರಳು ಹೋಗಲೇ ಇಲ್ಲ, ಅಲ್ಲಿ ಕಿಲುಬು ಉಳಿಯಿತು.

'ಒಂದು ಸಲಕ್ಕೆ ಏನಾದೀತು...'

ಹೊರಗಿನಿಂದ ಬಂದ ಹಾವಗೆಪ್ಪ ಕಾಫಿಯನ್ನು ಒಂದು ಗುಟುಕು ಕುಡಿದು ತಡೆದ. ಹಣೆ ಗಂಟಿಕ್ಕಿತು. ಕಂಬ ಹಿಡಿದು ನಿಂತ ಅವಳನ್ನೊಮ್ಮೆ ನೋಡಿದ. ಆಮೇಲೆ ಪೂರ್ತಿ ಕುಡಿದ.

ತುಸು ಹೊತ್ತಿಗೆ ಅಂಗಳದಲ್ಲಿ ಬಗ್ಗಿ ವಾಂತಿ ಮಾಡತೊಡಗಿದ!

"ಏನ ಹಾಕಿ ಕುಡಿಸಿದೀಯೇ ನನ್ನ ಮಗಗ?" ಗುಂಡಮ್ಮ ಚೀರಿ, ಆಳನ್ನು ಕೂಗಿದರು. "ಪಂಢರಿ! ಬಂಡಿ ಹೂಡು! ಈಕಿನ್ನ ಔರಾದಕ್ಕ, ಅವರಪ್ಪನ ಮನಿಗಿ ಬಿಟ್ಟ ಬಾ!"

ಲಲಿತೆ ಒಲೆಯ ಬಳಿಗೆ ಓಡಿದಳು. ವಿಷ ಹಾಕಿದಳೆಂದು ಊರೆಲ್ಲ ಅಂದರೆ? ಗಂಡನೂ ನಂಬಿದರೆ? ಫಿಲ್ಟರಿನಲ್ಲಿ ಉಳಿದಿದ್ದ ಕಾಫಿಯನ್ನು ಎತ್ತಿ ಬಾಯಿಗಿಟ್ಟಳು.

ಹಾವಗೆಪ್ಪ ಓಡಿಬಂದು ಅದನ್ನು ಕಸಿದುಕೊಂಡ.

"ಹುಚ್ಚಿ ಇದ್ದೀಯೇನು!"

"ಕಲಾಯಿ ಹೋಗಿದ್ದು ನನಗ ಗೊತ್ತಿತ್ರಿ..." ಅವಳು ಬಿಕ್ಕಿದಳು. "ಬದ್ರೋದ್ದೀನ ಚಾಚಾ ಬಾಗಲಾ ತಗೀಲಿಲ್ಲ. ಕಾಫಿ ಕೊಡಲಿಲ್ಲಂದ್ರ ನೀವು ಇನ್ನೂ ದೂರ ಆಗ್ತೀರಂತ... ತಪ್ಪಾತ್ರಿ! ಔರಾದಕ್ಕ ಕಳಸಬ್ಯಾಡ್ರಿ!"

"ಮೊದಲನೇ ಗುಟುಕಿಗೇ ಕಿಲುಬು ನಾಲಿಗಿಗಿ ಹತ್ತಿತ್ತು."

"ಮತ್ಯಾಕ ಕುಡದ್ರಿ?"

"ಬಿಟ್ಟಿದ್ರ, ನಿನ್ನ ಬ್ಯಾಡಂದೆ ಅಂತ ತಿಳಕೋತಿದ್ದಿ." ಅವನ ದನಿ ಒಡೆಯಿತು. "ನನಗೂ ಹೆದರಿಕಿನೇ, ಲಲಿತಾ. ಒಂದು ತಿಂಗಳಿನ ಗಂಡನ್ನ ಯಾರು ಕಾಯ್ತಾರ, ತವರಿಗಿ ಹೋಗಿರ್ತಾಳ ಅನಕೋತ ದಾರಿ ತುಂಬ ಬಂದೆ. ನಿನ್ನ ಕಂಡ ಮ್ಯಾಲ ಬಾಯಾಗಿಂದ ಮಾತೇ ಹೊರಡಲಿಲ್ಲ."

ಗುಂಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. ಆಳು ಪಂಢರಿ ಹೂಡಿದ ಬಂಡಿ ಬಾಗಿಲಿಗೆ ಬಂದಿತ್ತು. ಹಾವಗೆಪ್ಪ ಹತ್ತಿ ಕೈಚಾಚಿದ.

"ಏರು."

"ಔರಾದಕ್ಕೇನ್ರಿ?"

"ಬದ್ರೋದ್ದೀನನ ಮನಿಗಿ. ಒಬ್ಬನೇ ಬರೋದಕ್ಕ ಹೆದರ್ತಾನ. ನಮ್ಮಿಬ್ಬರ ನಡುವ ಕೂಡಿಸಿ ಕರಕೊಂಡು ಬರೂನು. ಯಾರ ಮುಟ್ಟತಾರ ನೋಡ್ತೀನಿ."

ಆ ಬಾಗಿಲು ಅವನು ಕರೆದರೂ ತೆರೆಯಲಿಲ್ಲ. ಲಲಿತೆ ಇಳಿದು ಮೆಲ್ಲಗೆ ಕೂಗಿದಳು.

"ಚಾಚಾ, ನಿನ್ನಿ ಬಂದಾಕಿ ನಾನು. ಹೆದರಬ್ಯಾಡ್ರಿ, ನಾವು ಜೋಡಿ ಇದ್ದೀವಿ."

ಬಾಗಿಲು ಒಂದಿಷ್ಟು ಸರಿಯಿತು. ಒಳಗಿನ ಮುದುಕನ ಕೈಯಲ್ಲಿ ಕಟ್ಟಿಗೆ, ಅದು ನಡುಗುತ್ತಿತ್ತು. ಬೆಳಿಗ್ಗೆ ಒನಕೆ ಹಿಡಿದ ತನ್ನ ಕೈ ನೆನಪಾಗಿ ಅವಳ ಕಣ್ಣು ತುಂಬಿತು.

ಸಂಜೆಗೆ ಮನೆಯಂಗಳದಲ್ಲಿ ಬದ್ರೋದ್ದೀನನ ತಿದಿ ಊದಿತು. ಫಿಲ್ಟರಿನ ಒಳಗೆಲ್ಲ ತವರದ ಕಲಾಯಿ ಬೆಳ್ಳಗೆ ಹರಡಿತು. ಗುಂಡಮ್ಮ ತಾವೇ ಅವನ ಮುಂದೆ ರೊಟ್ಟಿಯ ತಾಟು ಇಟ್ಟರು.

ಮುದುಕನನ್ನು ಮನೆಗೆ ಮುಟ್ಟಿಸಿ ಬಂದ ಹಾವಗೆಪ್ಪ ಒಲೆಯ ಮುಂದೆ ಕುಳಿತ. ಫಿಲ್ಟರಿಗೆ ಬಿಸಿನೀರು ಹಾಕಿದ್ದಾಗಿತ್ತು. ಎಷ್ಟು ಹೊತ್ತಾದರೂ ತೊಟ್ಟಿಕ್ಕುವ ಸದ್ದೇ ಇಲ್ಲ! ಲಲಿತೆ ತುಟಿ ಕಚ್ಚಿದಳು.

"ಏನಾತು?"

"ಮತ್ತ ಪುಡಿ ಒತ್ತೀನ್ರಿ... ಇಳಿಯೋದಕ್ಕ ಭಾಳ ಹೊತ್ತಾಗ್ತದ."

ಅವನು ನಕ್ಕು, ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ.

"ಆಗಲಿ ಬಿಡು. ನಾ ಇನ್ನ ಎಲ್ಲೂ ಹೋಗಂಗಿಲ್ಲ."