ಬೆನ್ನ ಕೆಳಗಿನ ಕೈ

"ಸಾಯೋಕೆ ಬೇರೆ ಕೊಳ ಸಿಗಲಿಲ್ವಾ ನಿಮಗೆ?"

ಅಂಗಿಯ ಕಾಲರ್ ಹಿಡಿದು ಅವನನ್ನು ಈಜುಕೊಳದ ಅಂಚಿಗೆ ಎಳೆದು ಹಾಕಿದ್ದಳು ಅವಳು. ಅವನ ಮೂಗಿನಿಂದ, ಬಾಯಿಯಿಂದ ನೀರು ಸುರಿಯುತ್ತಿತ್ತು.

"ಈಜು ಬರುತ್ತಾ?"

"ಇ... ಇಲ್ಲ."

"ಮತ್ತೆ ಆಳದ ಕಡೆ ಯಾಕೆ ಹಾರಿದ್ರಿ?"

"ಹಾರಿದ್ರೆ ತಾನಾಗೇ ಬರುತ್ತೆ ಅಂತ ಗ್ಯಾರೇಜಲ್ಲಿ ಹೇಳಿದ್ರು..."

ಕೆನ್ನೆಗೊಂದು ಬಿಗಿಯಬೇಕೆನಿಸಿತು! ಕತ್ತಿನಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸಿಟ್ಟು ನುಂಗಿದಳು. ಈಜು ಕಲಿಸುವುದು ಅವಳ ಕೆಲಸ. ಹೊಡೆಯುವುದಲ್ಲ.

ಅವನು ಡೀಸೆಲ್ ಎಂಜಿನ್ ಮೆಕ್ಯಾನಿಕ್. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಸೇನೆಯ ಮೂರೂ ಪಡೆಗಳ ಲಿಖಿತ ಪರೀಕ್ಷೆ ಪಾಸಾಗಿತ್ತು. ಭೂಸೇನೆಯೋ, ವಾಯುಸೇನೆಯೋ, ನೌಕಾಪಡೆಯೋ ಎಂದು ತಿಂಗಳ ಕೊನೆಗೆ ತಿಳಿಸಬೇಕಿತ್ತು. ನೌಕಾಪಡೆ ಬೇಕೆಂದರೆ ಈಜಿ ತೋರಿಸಬೇಕಿತ್ತು.

"ದೊಡ್ಡಪ್ಪ, ಅಣ್ಣ ಎಲ್ಲ ಭೂಸೇನೆ. ನಾನೂ ಅಲ್ಲಿಗೇ ಅಂತ ಮನೇಲಿ ನಿರ್ಧಾರ ಆಗಿಬಿಟ್ಟಿದೆ. ನನ್ನನ್ನ ಒಬ್ರೂ ಕೇಳಿಲ್ಲ! ನನಗೆ ಹಡಗೇ ಬೇಕು ಮೇಡಂ. ಅದರ ಎಂಜಿನ್ ಮೂರು ಮಹಡಿ ಮನೆಯಷ್ಟು ಇರುತ್ತಂತೆ..."

ಹಡಗು!

ಅವಳು ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ ಅಪ್ಪನತ್ತ ನೋಡಿದಳು. ಯೌವನವನ್ನೆಲ್ಲ ನೌಕಾಪಡೆಯಲ್ಲಿ ಕಳೆದು ಬಂದ ಅಪ್ಪ. ಚಿಕ್ಕವಳಿದ್ದಾಗ ಒಮ್ಮೆ, ರಜೆಗೆ ಬಂದ ಆ ಅಪ್ಪನನ್ನೇ 'ಅಂಕಲ್, ಅಮ್ಮನ್ನ ಕರೀತೀನಿ ಇರಿ' ಎಂದು ಬಾಗಿಲಲ್ಲಿ ನಿಲ್ಲಿಸಿದ್ದಳು.

ಸಮುದ್ರ ಅಪ್ಪನನ್ನು ಮುಳುಗಿಸಲಿಲ್ಲ. ಕಿಟಕಿಯ ಬಳಿ ಕೂತು ಕಾದ ಅಮ್ಮ ಮಾತ್ರ ದಿನಾ ಸ್ವಲ್ಪ ಸ್ವಲ್ಪವೇ ಮುಳುಗಿದಳು. ಅಪ್ಪ ಮನೆಗೆ ಮರಳುವ ಹೊತ್ತಿಗೆ ಅಮ್ಮನೇ ಇರಲಿಲ್ಲ.

'ಯಾರು ಎಲ್ಲಿಗಾದರೂ ಹೋಗಲಿ, ನನಗೇನು?' ಎಂದುಕೊಂಡಳು.

ಆದರೆ ಅವನು ದಿನಾ ಸಂಜೆ ಬಂದ. ಕೆಟ್ಟು ಕೂತಿದ್ದ ಕೊಳದ ಪಂಪನ್ನು ಕೇಳದೆಯೇ ರಿಪೇರಿ ಮಾಡಿಕೊಟ್ಟ. ನೀರು ಕುಡಿದ, ಕೆಮ್ಮಿದ, ನಕ್ಕ.

"ಮೇಡಂ, ನಾನು ಬರೀ ಕಬ್ಬಿಣ. ಹೇಗೆ ತೇಲ್ತೀನಿ?"

"ಹಡಗೂ ಕಬ್ಬಿಣವೇ. ಒಳಗೆ ಟೊಳ್ಳಿದ್ರೆ ತೇಲುತ್ತೆ. ನಿಮ್ಮ ತಲೆ ನೋಡಿದ್ರೆ ಭಯ ಇಲ್ಲ ಬಿಡಿ."

ಗೇಟಿನ ಸದ್ದಾದರೆ ಸಾಕು, ಅವಳ ಕಣ್ಣು ಅತ್ತ ಓಡತೊಡಗಿತು. ಅದಕ್ಕೂ ಅವಳಿಗೆ ಅವಳ ಮೇಲೆಯೇ ಸಿಟ್ಟು!

ಕೈ ಬೀಸುವುದು, ಕಾಲು ಬಡಿಯುವುದು ಎಲ್ಲ ಅವನಿಗೆ ಬಂತು. ನೀರನ್ನು ನಂಬುವುದೊಂದೇ ಬಾಕಿ. ಒಂದು ಸಂಜೆ ಅವನನ್ನು ಅಂಗಾತ ಮಲಗಿಸಿ, ಬೆನ್ನ ಕೆಳಗೆ ಅಂಗೈ ಇಟ್ಟು ನಿಂತಿದ್ದಳು. ಎಲ್ಲ ಶಿಷ್ಯರಿಗೂ ಮಾಡುವಂತೆ, ಹೇಳದೆ, ಮೆಲ್ಲಗೆ ಕೈ ತೆಗೆದಳು.

ಅವನು ತೇಲಿದ! ಕಣ್ಣು ಮುಚ್ಚಿ, ಎಲೆಯ ಹಾಗೆ...

ಬೇರೆ ಯಾರಾದರೂ ಆಗಿದ್ದರೆ ಖುಷಿಯಿಂದ ಸೀಟಿ ಊದುತ್ತಿದ್ದಳು.

'ಹೋಗಿಬಿಡ್ತಾನೆ... ನೆಲದ ಮೇಲಿದ್ದರೆ ಬಸ್ಸು ಹತ್ತಿಯಾದರೂ ಹೋಗಿ ನೋಡಬಹುದು. ಸಮುದ್ರಕ್ಕೆ ಯಾವ ಬಸ್ಸು?'

ಕೈ ಮತ್ತೆ ಅವನ ಬೆನ್ನ ಕೆಳಗೆ ಹೋಯಿತು.

"ಏನಾಯ್ತು ಮೇಡಂ?"

"ಮುಳುಗ್ತಿದ್ರಿ. ಹಿಡಿದೆ. ನೀರು ನಿಮಗೆ ಒಗ್ಗಲ್ಲ... ಸುಮ್ನೆ ಭೂಸೇನೆಗೇ ಹೋಗಿ."

ಅವನ ಮುಖ ಬಾಡಿತು. ಅಂದಿನಿಂದ ಅವಳು ಆ ಕೈ ತೆಗೆಯಲೇ ಇಲ್ಲ.

ತಿಂಗಳು ಮುಗಿಯುತ್ತಾ ಬಂದಿತ್ತು. ಅವನಿಗಿಂತ ತಡವಾಗಿ ಸೇರಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರಮ್ಮ ಆಳದ ಕಡೆಯಿಂದ ಈಜಿಕೊಂಡು ಬಂದರು.

"ಏನೋ ಡೀಸೆಲ್, ಇನ್ನೂ ತೊಟ್ಟಿಲಲ್ಲೇ ಇದ್ದೀಯಾ?"

"ಏನ್ಮಾಡ್ಲಿ ಆಂಟಿ, ಕೈ ತೆಗೆದ್ರೆ ಗುಂಡುಕಲ್ಲಿನ ಥರ ಮುಳುಗ್ತೀನಂತೆ."

"ಯಾರೋ ಹೇಳಿದ್ದು? ಅವತ್ತು ಇವಳು ಕೈ ತೆಗೆದಾಗ ಎಷ್ಟು ಚೆನ್ನಾಗಿ ತೇಲ್ತಿದ್ದೆ! ನಾನೇ ಕಣ್ಣಾರೆ ನೋಡಿದೆ. ಇವಳೇ ಮತ್ತೆ..."

ಅವಳ ಮುಖ ನೋಡಿ ಆಂಟಿಯ ಮಾತು ಅಲ್ಲೇ ನಿಂತಿತು. ಟವೆಲ್ ಎತ್ತಿಕೊಂಡು ಸದ್ದಿಲ್ಲದೆ ಜಾರಿಕೊಂಡರು.

ಅವನು ಸೊಂಟದಷ್ಟು ನೀರಿನಲ್ಲಿ ಎದ್ದು ನಿಂತ.

"ನಿಜಾನಾ?"

ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ನಿಜಾನಾ ಅಂತ ಕೇಳ್ದೆ!"

"ಹೌದು."

"ದೊಡ್ಡಪ್ಪನಾದ್ರೂ ಎದುರಿಗೆ ನಿಂತು ಬೈತಾರೆ. ನೀವು? ದಿನಾ ಮನೆಗೆ ಹೋಗಿ ನನ್ನನ್ನ ನಾನೇ ಹೇಡಿ, ದಂಡಪಿಂಡ ಅಂತ ಬೈಕೊಂಡಿದ್ದೀನಿ, ಗೊತ್ತಾ? ನಾಳೆ ಭೂಸೇನೆ ಅಂತ ಹೇಳಿ ಬರೋಕೆ ಹೊರಟಿದ್ದೆ! ನನ್ನ ಬದುಕು ನಿರ್ಧಾರ ಮಾಡೋಕೆ ನೀವ್ಯಾರು?"

"ಹೋಗಿ ಹಾಗಾದ್ರೆ!" ಅವಳೂ ಕಿರುಚಿದಳು. "ಹಡಗು ಹತ್ತಿ ಹೋಗಿ! ಹೆಂಡ್ತಿ ಕಿಟಕಿ ಹತ್ರ ಕೂತು ಸಾಯ್ಲಿ, ಮಗಳು ಅಂಕಲ್ ಅಂತ ಕರೀಲಿ!"

"ಯಾವ ಹೆಂಡ್ತಿ? ಯಾವ ಮಗಳು?" ಅವನು ತಬ್ಬಿಬ್ಬಾದ.

ಬಾಯಿ ತಪ್ಪಿದ್ದು ಅರಿವಾಗಿ ಅವಳು ಪಂಪ್ ಕೋಣೆಗೆ ಓಡಿದಳು.

ಹಿಂದೆಯೇ ಅಪ್ಪ ಬಂದ.

"ನನ್ನ ಮೇಲಿನ ಸಿಟ್ಟನ್ನ ಆ ಹುಡುಗನ ಮೇಲೆ ಯಾಕಮ್ಮ ತೀರಿಸ್ಕೊಳ್ತೀಯಾ?"

"ನಿಮ್ಮ ಮೇಲೆ ತೀರಿಸ್ಕೊಳ್ಳೋಕೆ ನೀವು ಮನೇಲಿ ಯಾವಾಗ ಇದ್ರಿ?"

ಅಪ್ಪನ ಕತ್ತು ತಗ್ಗಿತು.

"ಇರಲಿಲ್ಲ. ನಿಮ್ಮಮ್ಮ ಒಂದು ಸಲನೂ ಬೇಡ ಅನ್ಲಿಲ್ಲ. ಬೇಡ್ವಾ ಅಂತ ನಾನೂ ಕೇಳ್ಲಿಲ್ಲ. ಇಬ್ರೂ ಬಾಯಿ ಮುಚ್ಕೊಂಡೇ ಆಯಸ್ಸು ಕಳೆದ್ವಿ..." ಬಾಗಿಲಾಚೆ ಕೈ ತೋರಿಸಿ ಹೇಳಿದ, "ಅವನು ಇನ್ನೂ ಹೋಗಿಲ್ಲ. ನೀನಾದ್ರೂ ಬಾಯಿಬಿಟ್ಟು ಹೇಳು. ಬೈಯೋದಿದ್ರೆ ಬೈ. ಹಿಡಿದು ಮಾತ್ರ ನಿಲ್ಲಿಸ್ಬೇಡ."

ಅವಳು ಹೊರಬಂದಳು. ಅವನು ಆಳದ ಕಡೆಯ ಅಂಚಿನಲ್ಲಿ ನಿಂತಿದ್ದ.

"ಈ ಸಲ ಸಾಯೋಕೆ ಬಂದಿಲ್ಲ," ಎಂದ, ತಿರುಗಿ ನೋಡದೆ. ದನಿಯಲ್ಲಿ ಇನ್ನೂ ಕಾವಿತ್ತು.

ಅವಳು ಮುಳುಗುವವರನ್ನು ಎಳೆಯುವ ಉದ್ದನೆಯ ಕೋಲು ಎತ್ತಿಕೊಂಡಳು. ಒಂದು ಕ್ಷಣ ನಿಂತಳು. ಅದನ್ನು ಗೋಡೆಗೆ ಒರಗಿಸಿದಳು.

"ಹಾರಿ."

ಧಡಾರ್! ನೀರು ಅವನ ತಲೆಯ ಮೇಲೆ ಮುಚ್ಚಿಕೊಂಡಿತು. ಅವಳ ಉಸಿರು ನಿಂತೇಹೋಯಿತು... ಮೇಲೆ ಬಂದ! ಕೋಣ ಕೆರೆಗೆ ಇಳಿದಂತೆ ನೀರನ್ನೆಲ್ಲ ಎರಚಾಡುತ್ತಾ, ಏದುಸಿರು ಬಿಡುತ್ತಾ ಈಜಿದ. ಅವಳು ಅಂಚಿನಲ್ಲೇ ಅವನ ಜೊತೆಜೊತೆಗೆ ನಡೆದಳು. ಕಣ್ಣೀರು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ.

ಅವನು ಆಚೆ ಗೋಡೆ ಮುಟ್ಟಿ ಮುಖ ಎತ್ತಿದ.

"ನಾಳೆ ನೌಕಾಪಡೆ ಅಂತ ಹೇಳ್ತೀನಿ. ಬೇಡ್ವಾ?"

ಯಾರೂ ಅಮ್ಮನನ್ನು ಕೇಳದ ಪ್ರಶ್ನೆ. ಅವಳು ಕುಕ್ಕರಗಾಲಲ್ಲಿ ಕೂತಳು.

"ನನಗೆ ಬೇಡ. ಮೈಯೆಲ್ಲ ಉರಿಯುತ್ತೆ, ಹೆದರಿಕೆ ಆಗುತ್ತೆ. ಅವತ್ತು ನಾನು ಮಾಡಿದ್ದು ಮೋಸ. ತಪ್ಪಾಯ್ತು. ಆದ್ರೆ ಸುಮ್ನೆ ಮಾಡ್ಲಿಲ್ಲ..." ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. "ನೀನಂದ್ರೆ ಇಷ್ಟ ಕಣೋ, ಪೆದ್ದ! ಅದಕ್ಕೇ ಹೋಗು. ನಿನಗೆ ಬೇಕಾದ ಕಡೆಗೇ ಹೋಗು."

ಅವನ ಸಿಟ್ಟೆಲ್ಲ ಎಲ್ಲಿ ಹೋಯಿತೋ!

"ಕಾಯ್ತೀಯಾ?"

"ಕಾಯಲ್ಲ! ಕಿಟಕಿ ಹತ್ರ ಕೂರೋಕೆ ನನಗೆ ಪುರುಸೊತ್ತಿಲ್ಲ. ಊರವರಿಗೆಲ್ಲ ಈಜು ಕಲಿಸ್ಬೇಕು. ರಜೆ ಸಿಕ್ಕಾಗ ನೀನೇ ಹುಡುಕ್ಕೊಂಡು ಬಾ."

"ಎಲ್ಲಿಗೆ?"

"ಇಲ್ಲಿಗೇ, ಆಳದ ಕಡೆಗೆ. ತೊಟ್ಟಿಲ ಕಡೆ ಕಾಲಿಟ್ರೆ ಕಾಲು ಮುರೀತೀನಿ."

ಅವನು ನಕ್ಕು, ಉಗುರಿನ ಸಂದಿಯ ಕಪ್ಪು ಹೋಗದ ಕೈಯನ್ನು ಮೇಲಕ್ಕೆ ಚಾಚಿದ.

"ಈಗ ಹಿಡ್ಕೋಬಹುದು, ಮೇಡಂ."

ಅವಳು ಹಿಡಿದುಕೊಂಡಳು.