ಮಲಗಿದ್ದ ಗುಂಡುಸೂಜಿಗಳು

ಗಿರಾಕಿಯ ಕೋಟಿನ ತೋಳು ಹೊಂದಿಸುತ್ತಿದ್ದ ಅಪ್ಪನ ಕೈ ಮತ್ತೆ ನಡುಗಿತು.

ಮೊದಲು ಹೆಬ್ಬೆರಳು. ಆಮೇಲೆ ಇಡೀ ಮುಂಗೈ. ಗುಂಡುಸೂಜಿ ನೆಲಕ್ಕೆ ಬಿತ್ತು. ಎದೆಗೆ ಸಿಕ್ಕಿಸಿಕೊಂಡಿದ್ದ ಮಖಮಲ್ಲಿನ ಮೆತ್ತೆಯ ಮೇಲೆ ಮಲಗಿದ್ದ ಸೂಜಿಗಳಲ್ಲಿ ಇನ್ನೊಂದಕ್ಕೆ ತಡಕಾಡಿದರು. ಅದೂ ಬಿತ್ತು. ಗಿರಾಕಿ ಏನೂ ಕಾಣದವರಂತೆ ಕೋಟು ಕಳಚಿಟ್ಟು ಹೊರಟುಹೋದರು.

ಆಪರೇಷನ್ ಆದ ಮೇಲೆ ಹೀಗಾಗಬಾರದಿತ್ತು. ಪಾರ್ಕಿನ್ಸನ್ ಬಂದು ಕತ್ತರಿ ಕೆಳಗಿಟ್ಟಿದ್ದ ಅಪ್ಪನ ಮೆದುಳಿಗೆ ತೆಳ್ಳನೆಯ ತಂತಿ ಇಳಿಸಿ, ಎಡ ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಪುಟ್ಟ ಯಂತ್ರ ಕೂರಿಸಿದ್ದರು. ಅದರ ಮಿಡಿತಕ್ಕೆ ನಡುಕ ನಿಂತಿತ್ತು. ಮನೆಯಲ್ಲಿ ಈಗಲೂ ನಿಂತೇ ಇತ್ತು. ಅಂಗಡಿಯಲ್ಲಿ ಮಾತ್ರ, ಅದೂ ಟ್ರಯಲ್‌ಗೆ ಜನ ಬಂದಾಗ, ಕೈ ಕೆಡುತ್ತಿತ್ತು.

"ಯಾರೋ ಬೇಕಂತಲೇ ಆಫ್ ಮಾಡ್ತಿದಾರೆ," ಅಂದರು ಅಪ್ಪ. ಕಣ್ಣು ನನ್ನ ತಮ್ಮನ ಮೇಲಿತ್ತು.

ಯಂತ್ರದ ರಿಮೋಟ್ ಇರುತ್ತಿದ್ದುದು ತಮ್ಮನ ಜೇಬಿನಲ್ಲಿ. ಹೊಲಿಗೆ ನಿಲ್ಲಿಸಿ ರೆಡಿಮೇಡ್ ಬಟ್ಟೆ ಇಡೋಣ ಎಂದು ಹಟ ಹಿಡಿದಿದ್ದವನೂ ಅವನೇ.

"ನಾಳೆಯಿಂದ ಅಂಗಡಿಗೆ ಬರಬೇಡ."

"ಅಪ್ಪಾ, ನಾನ್ಯಾಕೆ—"

"ಬರಬೇಡ ಅಂದೆ."

ಅಪ್ಪನ ಕೈಯ ಜೊತೆ ಮಗನೂ ಹೋಗುವುದನ್ನು ನೋಡುತ್ತಾ ಕೂರಲು ನನ್ನಿಂದಾಗಲಿಲ್ಲ. ಆಸ್ಪತ್ರೆಯಲ್ಲಿ ಈ ಯಂತ್ರಗಳನ್ನು ಹೊಂದಿಸುವ ನರ್ಸನ್ನು ಅಂದೇ ಕರೆತಂದೆ.

ಆಕೆ ಅಪ್ಪನ ಎದೆಯ ಬಳಿ ಉಪಕರಣ ಹಿಡಿದು ನೋಡಿದರು. "ಯಂತ್ರ ಚೆನ್ನಾಗಿದೆ. ಬ್ಯಾಟರಿಯೂ ಇದೆ. ಆದ್ರೆ ನಡುನಡುವೆ ನಿಂತಿರೋದು ನಿಜ. ರಿಮೋಟ್ ಎಲ್ಲಿ?"

"ಇವನ ಹತ್ರ," ಅಂದರು ಅಪ್ಪ.

ನಾನು ಅದನ್ನು ಚೀಲದಿಂದ ತೆಗೆದೆ. "ಇಲ್ಲ ಅಪ್ಪಾ. ಮೊನ್ನೆ ಅವನಿಗೆ ಹೇಳದೆ ನಾನೇ ತೆಗೆದಿಟ್ಕೊಂಡೆ."

ತಮ್ಮ ನನ್ನನ್ನೇ ನೋಡಿದ. "ನಿಂಗೂ ಅನುಮಾನಾನಾ ಅಕ್ಕ?"

ನಾನು ರಿಮೋಟನ್ನು ನರ್ಸ್‌ಗೆ ತೋರಿಸಿದೆ.

"ಇವತ್ತೂ ಕೈ ಕೆಟ್ಟಿತಲ್ಲ? ಹಾಗಾದ್ರೆ ರಿಮೋಟ್ ಅಲ್ಲ," ಅಂದರು ನರ್ಸ್. "ಈ ಮಾದರೀನ ನಿಲ್ಲಿಸೋಕೆ ಇನ್ನೊಂದು ದಾರಿ ಇದೆ. ಅಯಸ್ಕಾಂತ."

"ಅದನ್ನೆಲ್ಲ ಆಪರೇಷನ್ ಆದಾಗಲೇ ಎಸೆದೆ ಸಿಸ್ಟರ್," ಅಂದೆ ನಾನು. "ಫ್ರಿಜ್ ಮೇಲಿನ ಗೊಂಬೆ, ನನ್ನ ಪರ್ಸು—"

"ನನ್ನ ಅಯಸ್ಕಾಂತದ ಚೆಸ್ ಬೋರ್ಡು," ಅಂದ ತಮ್ಮ. "ರಾಜ, ಮಂತ್ರಿ, ಕುದುರೆ, ಎಲ್ಲ ಕಸದ ಬುಟ್ಟಿಗೆ."

ನರ್ಸ್ ನಗಲಿಲ್ಲ. "ಯಜಮಾನ್ರೇ, ಟ್ರಯಲ್ ಹೇಗೆ ಮಾಡ್ತೀರಿ? ಮಗನೇ ಗಿರಾಕಿ ಅಂದ್ಕೊಳ್ಳಿ."

ತಮ್ಮ ಕೋಟು ತೊಟ್ಟು ಬರಿಗೈಯಲ್ಲಿ ನಿಂತ. ಅಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡರು. ಮೆತ್ತೆಯನ್ನು ಎದೆಗೆ ಸಿಕ್ಕಿಸಿಕೊಂಡರು. ತೋಳು ಹಿಡಿದರು. ಸ್ವಲ್ಪ ಹೊತ್ತಿಗೇ—ನಡುಕ!

ನಾವಿಬ್ಬರೂ ಕೈ ನೋಡುತ್ತಿದ್ದೆವು. ನರ್ಸ್ ನೋಡಿದ್ದು ಎದೆಯನ್ನು.

"ಈ ಮೆತ್ತೆ ಮೇಲೆ ಸೂಜಿಗಳು ಯಾಕೆ ಮಲಗಿವೆ?"

"ಅಂದ್ರೆ?"

"ಮೆತ್ತೆಗೆ ಚುಚ್ಚಿದ ಸೂಜಿ ನಿಂತಿರ್ಬೇಕು. ಇವು ಮಲಗಿವೆ. ಆದ್ರೂ ಬೀಳ್ತಿಲ್ಲ. ಏನು ಹಿಡಿದಿದೆ ಇವನ್ನ?"

ತಮ್ಮ ಮೆತ್ತೆ ಮುಟ್ಟಿ ಅಂದ: "ಅದನ್ನ ಮಾಡಿದ್ದು ನಾನೇ. ಕಾಯಿಲೆ ಶುರುವಾದಾಗ ಅಪ್ಪಂಗೆ ಸೂಜಿ ಚುಚ್ಚೋಕೆ ಆಗ್ತಿರ್ಲಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತ ಕಿತ್ತು ಮಖಮಲ್ಲು ಹೊಲಿದೆ. ಹತ್ರ ತಂದ್ರೆ ಸಾಕು, ತಾನೇ ಅಂಟ್ಕೊಳ್ಳುತ್ತೆ ಅಂತ."

ಅಪ್ಪ ಕತ್ತರಿ ಕೆಳಗಿಟ್ಟ ದಿನ ಆ ಮೆತ್ತೆಯೂ ಡ್ರಾಯರ್ ಸೇರಿತ್ತು. ಕೈ ಮರಳಿ ಬಂದ ಮೇಲೆ ಅದೂ ಹೊರಗೆ ಬಂದಿತ್ತು. ಅಷ್ಟರಲ್ಲಿ ಅದರೊಳಗೇನಿದೆ ಎಂಬುದು ಮಾಡಿದವನಿಗೂ ಮರೆತಿತ್ತು.

"ಹಾಗಾದ್ರೆ ಅಪರಾಧಿ ನೀವೇ," ಅಂದರು ನರ್ಸ್ ತಮ್ಮನಿಗೆ, ಮೆತ್ತಗೆ. "ಅಯಸ್ಕಾಂತ ಒಮ್ಮೆ ಹತ್ರ ಬಂದ್ರೆ ಯಂತ್ರ ನಿಲ್ಲುತ್ತೆ, ಇನ್ನೊಮ್ಮೆ ಸೋಕಿದ್ರೆ ಶುರುವಾಗುತ್ತೆ. ಮೆತ್ತೆ ಕಳಚುವಾಗ ಸೋಕ್ತಿತ್ತು. ಅದಕ್ಕೇ ಮನೇಲಿ ಕೈ ಸರಿ ಇರ್ತಿತ್ತು."

ಆಕೆ ಮೆತ್ತೆ ತೆಗೆದು ದೂರವಿಟ್ಟು ಯಂತ್ರವನ್ನು ಮತ್ತೆ ಚಾಲೂ ಮಾಡಿದರು.

"ಇದರಿಂದ ಕಾಯಿಲೆ ವಾಸಿಯಾಗುತ್ತಾ?" ಅಪ್ಪ ಕೇಳಿದರು. ಮೊದಲೂ ಕೇಳಿದ್ದ ಪ್ರಶ್ನೆ.

"ಇಲ್ಲ. ನಡುಕ ಹಿಡಿದಿಡುತ್ತೆ, ಅಷ್ಟೇ. ಈಗ ಮೆದುಳಿನ ಮಿಡಿತ ಕೇಳಿ ತಾನೇ ಹೆಚ್ಚುಕಮ್ಮಿ ಮಾಡ್ಕೊಳ್ಳೋ ಯಂತ್ರಗಳೂ ಬಂದಿವೆ. ವಾಸಿ ಮಾಡೋದನ್ನ ಇನ್ನೂ ಹುಡುಕ್ತಿದಾರೆ."

ಅಪ್ಪ ತಮ್ಮನ ಕಡೆ ತಿರುಗಿ ಮೆತ್ತೆ ತೋರಿಸಿದರು.

"ಅದನ್ನ ಬಿಚ್ಚು. ಒಳಗೆ ಹತ್ತಿ ತುಂಬಿ ನೀನೇ ಹೊಲಿ. ಎಲ್ಲಿಂದಾದ್ರೂ ರೆಡಿಮೇಡ್ ತಂದೀಯ ಮತ್ತೆ!"

ನಾನು ರಿಮೋಟನ್ನು ತಮ್ಮನ ಜೇಬಿಗೆ ಹಾಕಿದೆ. ಅವನು ಹೊಲಿಗೆ ಬಿಚ್ಚುತ್ತಾ ಕೂತ.

ಅವನಿಗಾಗಿ ಅಪ್ಪ ಸೂಜಿಗೆ ದಾರ ಪೋಣಿಸಿದರು. ಒಂದೇ ಸಲಕ್ಕೆ.